ಗಾಜಿನ ಮೇಲೆ ಪೆನ್ಸಿಲ್ ಆಡಿಸುತ್ತಿದ್ದ ಚಾಚಾ

ಹೋದ ವಾರ ಹುಬ್ಬಳ್ಳಿಯಿಂದ ಬಂದ ಒಬ್ಬ ರೋಗಿಯ ಎದೆಗೆ ಸ್ಟೆತಸ್ಕೋಪು ಹಚ್ಚಿದ್ದೆ. ಅವನು ಮಾತಿಗೆ ಮಾತು ಸೇರಿಸಿ, "ಸ್ಟುಡಿಯೋದ ಚಾಚಾ ತೀರಿಕೊಂಡ್ರಲ್ರಿ, ಮಣ್ಣಾಗಿ ಎಂಟು ದಿನಾ ಆತು" ಎಂದ. ಆಮೇಲೆ ಅವನ ಎದೆಯೊಳಗೆ ಏನು ಸದ್ದಾಗುತ್ತಿತ್ತೋ ನನಗೆ ಕೇಳಿಸಲಿಲ್ಲ. ಉಸಿರು ತಗೋ ಎಂದು ಮೂರು ಸಲ ಹೇಳಿದೆನಂತೆ. ಅವನು ಹೆದರಿ, "ಯಾಕ್ರಿ, ಭಾಳ ಕೆಟ್ಟೈತೇನ್ರಿ?" ಎಂದು ಕೇಳಿದಾಗಲೇ ನಾನು ಈ ಲೋಕಕ್ಕೆ ಬಂದೆ. ಅವನಿಗೆ ಬರೀ ನೆಗಡಿ ಇತ್ತು.

ಮಣ್ಣಿಗೆ ಹೋಗಲಾಗಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಚಾಚಾನ ಹೆಸರು ಬರೆಯುವುದಿಲ್ಲ. ತಮ್ಮ ಕೆಲಸದಲ್ಲಿ ತಾವು ಕಾಣಬಾರದು ಎಂಬುದೇ ಅವರ ಹೆಮ್ಮೆಯಾಗಿತ್ತು. ಹುಬ್ಬಳ್ಳಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಅವರು ರಿಟಚಿಂಗ್ ಮಾಡುತ್ತಿದ್ದರು. ಕ್ಯಾಮೆರಾದಿಂದ ಹೊರಬಂದ ಗಾಜಿನ ಪ್ಲೇಟಿನ ಮೇಲೆ ಸೂಜಿಯಂಥ ಪೆನ್ಸಿಲ್ಲಿನಿಂದ ಮುಖಗಳನ್ನು ತಿದ್ದುವ ಕೆಲಸ. ಪ್ಲೇಟಿನಲ್ಲಿ ಎಲ್ಲವೂ ತಿರುಗುಮುರುಗು, ಕಪ್ಪಿದ್ದದ್ದು ಬೆಳ್ಳಗೆ, ಬೆಳ್ಳಗಿದ್ದದ್ದು ಕಪ್ಪಗೆ. ಕೆನ್ನೆಯ ಸುಕ್ಕು ಅಲ್ಲಿ ಒಂದು ತಿಳಿ ಗೆರೆ. ಆ ಗೆರೆಯನ್ನು ಪೆನ್ಸಿಲ್ಲಿನಿಂದ ತುಂಬಿಬಿಟ್ಟರೆ ಕಾಗದದ ಮೇಲೆ ಸುಕ್ಕು ಮಾಯ. ಹಿಂದೆ ಬಿಳಿ ಪರದೆ ಕಟ್ಟಿದ್ದರಂತೂ ದೊಡ್ಡ ಗದ್ದವನ್ನು ಸಣ್ಣದು ಮಾಡುವುದು ಅವರಿಗೆ ಅರ್ಧ ಗಳಿಗೆಯ ಆಟ.

ಕಿಟಕಿಯ ಬಳಿ ಓರೆಯಾಗಿ ನಿಲ್ಲಿಸಿದ ಚೌಕಟ್ಟು, ಕೆಳಗೆ ಬೆಳಕು ಎತ್ತಿ ಕೊಡುವ ಕನ್ನಡಿ, ಕಣ್ಣಿಗೆ ಒಂದು ದುಂಡು ಭೂತಗನ್ನಡಿ. ಬೆಳಿಗ್ಗೆಯಿಂದ ಬಿಸಿಲು ಇಳಿಯುವವರೆಗೆ ಅವರ ಜಗತ್ತು ಅಂಗೈಯಷ್ಟಗಲ. ಪೆನ್ಸಿಲ್ ಚೂಪು ಮಾಡಿ ಅದರ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಒಮ್ಮೆ ಎಳೆದು ನೋಡುತ್ತಿದ್ದರು, ಸಮಾಧಾನವಾದರೆ ಟೋಪಿ ಹಿಂದಕ್ಕೆ ಸರಿಸಿಕೊಂಡು ಕೂಡುತ್ತಿದ್ದರು. ಹೊಸಬರು ಬಂದರೆ ಊರು, ಮನೆತನ ಕೇಳುವ ಬದಲು ಮುಖ ನೋಡಿ, "ನಿಮ್ಮ ಎಡಬಾಜೂ ಛಲೋ ಐತ್ರಿ, ಹಂಗs ಕುಂಡ್ರ್ರಿ" ಎನ್ನುತ್ತಿದ್ದರು.

ನಾನು ಅವರ ಹತ್ತಿರ ಹೋದದ್ದು ನನ್ನ ಹುಚ್ಚಿನಿಂದ. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು ಮುಂಬೈಯಲ್ಲಿ ಡಾಕ್ಟರಿಕೆ ಕಲಿತು ಬಂದು ಧಾರವಾಡದಲ್ಲಿ ದವಾಖಾನೆ ತೆರೆದಿದ್ದೆ. ಊರಲ್ಲಿ ಮಲೇರಿಯಾ ಇತ್ತು, ಭೇದಿ ಇತ್ತು, ವಿಷಮಜ್ವರ ಇತ್ತು. ನನಗೆ ಬೇಕಾಗಿದ್ದದ್ದು ಇವು ಯಾವುವೂ ಅಲ್ಲ. ಮೂಗಿನ ಬುಡದ ಹಿಂದೆ, ಮಿದುಳಿನ ಕೆಳಗೆ, ಕಡಲೆಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ, ಪಿಟ್ಯುಟರಿ ಅಂತ. ಅದರಲ್ಲಿ ಗಡ್ಡೆ ಎದ್ದರೆ ಹಾರ್ಮೋನು ಮಿತಿಮೀರಿ ಸುರಿದು, ಬೆಳವಣಿಗೆ ಮುಗಿದ ಮನುಷ್ಯ ಮತ್ತೆ ಬೆಳೆಯತೊಡಗುತ್ತಾನೆ. ಎತ್ತರಕ್ಕಲ್ಲ. ಕೈ, ಕಾಲು, ಗದ್ದ, ಹುಬ್ಬು, ತಲೆ ನಿಧಾನಕ್ಕೆ ದಪ್ಪವಾಗುತ್ತ ಹೋಗುತ್ತವೆ. ಗಡ್ಡೆ ಮೇಲಕ್ಕೆ ಒತ್ತಿದರೆ ಕಣ್ಣಿನ ನರ ಸಿಕ್ಕಿಕೊಂಡು ಎರಡೂ ಬದಿಯ ನೋಟ ಕತ್ತಲಾಗುತ್ತದೆ. ಈ ರೋಗದ ಮೇಲೆ ಒಂದು ಪ್ರಬಂಧ ಬರೆದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ದೊಡ್ಡವನಾಗಬೇಕೆಂದು ನನಗೆ ಆಸೆ. ಮಂಗಳವಾರದ ಸಂತೆಯಲ್ಲಿ ನಿಂತು ಮಂದಿಯ ಗದ್ದ ನೋಡುತ್ತಿದ್ದೆ. ಮದುವೆ ಮನೆಗಳಲ್ಲಿ ಬೀಗರ ಮೂಗು ಅಳೆಯುತ್ತೀರಿ ಅಂತ ನನ್ನ ಹೆಂಡತಿ ನನ್ನ ಜೊತೆ ಬರುವುದನ್ನೇ ಬಿಟ್ಟಿದ್ದಳು.

ಕಡೆಗೆ ಹೆಬ್ಬಳ್ಳಿಯ ಗೌಡರೊಬ್ಬರು ಸಿಕ್ಕರು. ವರ್ಷಕ್ಕೊಮ್ಮೆ ಚಪ್ಪಲಿಯ ಅಳತೆ ಹೆಚ್ಚಿಸಿಕೊಳ್ಳುತ್ತಿದ್ದ ಮನುಷ್ಯ. ಈ ರೋಗ ಯಾವಾಗ ಶುರುವಾಯಿತೆಂದು ತಿಳಿಯಲು ಹಳೆಯ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಬೇಕು ಎಂದು ನಾನು ಓದಿದ್ದೆ. ಗೌಡರ ಫೋಟೋ ಹಿಡಿದುಕೊಂಡು, ಅದನ್ನು ತೆಗೆದ ಸ್ಟುಡಿಯೋ ಹುಡುಕಿಕೊಂಡು, ಒಂದು ಗುರುವಾರ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಚಾಚಾ ಫೋಟೋ ನೋಡಿ ನಕ್ಕರು.

"ಗೌಡರನ್ನ ನಾ ಬಲ್ಲೆ. ಆದ್ರ ಈ ಮಾರಿ ಅವರದಲ್ರಿ, ನಂದು."

"ಈ ಮುಖ ನಿಮ್ದು ಅಂದ್ರ?"

"ನಾ ಮಾಡಿದ್ದು. ಮನಷ್ಯಾ ಖರೇ ಮಾರಿ ರೊಕ್ಕಾ ಕೊಟ್ಟು ಯಾಕ ತಗೊಂತಾನ್ರಿ? ಅದು ಮನ್ಯಾಗಿನ ಕನ್ನಡ್ಯಾಗ ಪುಕ್ಕಟ ಸಿಗತೈತಿ."

ಕಪಾಟಿನಿಂದ ಗೌಡರ ಪ್ಲೇಟು ಹುಡುಕಿ ತೆಗೆದು, ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ಮುಖದ ಮೇಲೆ ಮೆಲ್ಲಗೆ ಆಡಿಸಿದರು. ಪೆನ್ಸಿಲ್ಲಿನ ಕೆಲಸವೆಲ್ಲ ಕರಗಿ ಹತ್ತಿಗೆ ಬಂತು. ಬೆಳಕಿಗೆ ಹಿಡಿದರು. ಅಲ್ಲಿ ನಮ್ಮ ಗೌಡರು ಇದ್ದರು, ಗದ್ದ ಸಮೇತ. ನನಗಾದ ಸಂತೋಷ ನೋಡಿ ಅವರೇ ಬೆರಗಾದರು. ತಮ್ಮ ಕೆಲಸವನ್ನು ಅಳಿಸಿದ್ದಕ್ಕೆ ಕುಣಿದ ಮೊದಲ ಗಿರಾಕಿ ನಾನೇ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಅಂದಿನಿಂದ ಗುರುವಾರ ನನ್ನ ಹುಬ್ಬಳ್ಳಿಯ ದಿನವಾಯಿತು. ರಾಯಾಪುರ ದಾಟುವಾಗಲೇ ನನಗೆ ಅವರ ಬಸಿಯ ಚಹಾದ ನೆನಪಾಗುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು. ನನ್ನ ರೋಗಿಗಳ ಪ್ಲೇಟು ಸಿಕ್ಕರೆ ಒರೆಸಿ ಕೊಡುತ್ತಿದ್ದರು, ಸಿಗದಿದ್ದರೆ ಮುಖದ ಬಗ್ಗೆ ಪಾಠ ಹೇಳುತ್ತಿದ್ದರು. "ಮೂಗಿನ ಬಾಜೂ ಗೆರಿ ಪೂರಾ ತಗೀಬಾರ್ದ್ರಿ. ಅರ್ಧಾ ಬಿಡಬೇಕು. ಪೂರಾ ತಗದ್ರ ಹಡದ ತಾಯಿ ಗುರ್ತಾ ಹಿಡಿಯಂಗಿಲ್ಲ." ಮುಖದ ಎಲುಬುಗಳ ಬಗ್ಗೆ ನನಗೆ ಕಾಲೇಜಿನಲ್ಲಿ ಕಲಿಸಿದ ಗುರುಗಳಿಗಿಂತ ಅವರಿಗೆ ಹೆಚ್ಚು ತಿಳಿದಿತ್ತು. ಇದನ್ನು ಗುರುಗಳ ಎದುರು ಹೇಳುವ ಧೈರ್ಯ ನನಗಿರಲಿಲ್ಲ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ರೋಗ ಅವರಿಗೇ ಇತ್ತು. ಊರೂರು ಗದ್ದ ಹುಡುಕಿಕೊಂಡು ತಿರುಗಿದ ನಾನು ವಾರವಾರ ಅವರ ಎದುರಿಗೆ ಕೂತು, ಅವರ ಬಸಿಯಲ್ಲಿ ಚಹಾ ಕುಡಿದು, ಆ ರೋಗದ ಬಗ್ಗೆ ಅವರಿಗೇ ಉಪನ್ಯಾಸ ಕೊಟ್ಟು ಎದ್ದು ಬರುತ್ತಿದ್ದೆ. ದಿನವೂ ನೋಡುವ ಮುಖ ಬದಲಾದದ್ದು ತಿಳಿಯುವುದಿಲ್ಲ ಎಂದು ಈಗ ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅದು ಎಲ್ಲಿ ಕಲಿತ ಮಾತು ಎಂದು ಅವರಿಗೆ ಹೇಳುವುದಿಲ್ಲ.

ಮೊದಲು ತಿಳಿದದ್ದು ಚಾಚಿಗೆ, ಅವರ ಹೆಂಡತಿಗೆ. ಎರಡನೆಯ ವರ್ಷದ ರಂಜಾನ್ ಈದಿಗೆ ನನ್ನನ್ನು ಮನೆಗೆ ಕರೆದಿದ್ದರು. ಶೀರ್ ಖುರ್ಮಾ ತಿನ್ನುತ್ತ ಕೂತಿದ್ದಾಗ ಚಾಚಿ ಒಳಬಾಗಿಲಿನ ಪರದೆಯ ಹಿಂದಿನಿಂದ ಮಾತಾಡಿದರು.

"ಡಾಕ್ಟರ್ ಸಾಹೇಬ್ರ, ನನ್ನ ಕೈ ಒಮ್ಮಿ ನೋಡ್ರಿ."

"ಏನಾಗೇದ್ರಿ ಚಾಚಿ?"

"ಟೋಪಿ ತಪ್ಪಾಕತ್ತಾವ್ರಿ. ಮದಿವ್ಯಾದ ವರ್ಷ ಇವರ ತಲಿಗೆ ದಾರಾ ಹಿಡದು ಗಂಟ ಹಾಕಿ ಇಟ್ಟೇನಿ. ಪ್ರತಿ ಈದಿಗೆ ಅದರ ಅಳತಿಗೇ ಹೊಲೀತೇನಿ. ಮೂರು ವರ್ಷ ಆತು, ಒಂದೂ ಇವರ ತಲಿ ಮ್ಯಾಲ ಕುಂಡ್ರವಲ್ದು. ನನ್ನ ಕೈಯಾಗ ಏನೋ ದೋಷ ಬಂದೈತಿ."

ಚಾಚಾ ಜೋರಾಗಿ ನಕ್ಕು, "ತಲ್ಯಾಗ ಶ್ಯಾಣೇತನ ಜಾಸ್ತಿ ಆಗೇತಿ, ಅಷ್ಟs" ಎಂದರು. ನಾನು ನಗಲಿಲ್ಲ. ಚಾಚಾನ ಕೈಬೆರಳು ನೋಡಿದೆ. ಬೆಳ್ಳಿಯ ಉಂಗುರ ಇರುತ್ತಿದ್ದ ಬೆರಳು ಬರಿದಾಗಿತ್ತು. ಕೇಳಿದರೆ, ಬಿಗಿಯಾಗಿತ್ತು, ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಿದೆ ಎಂದರು.

ಮುಂದಿನ ಗುರುವಾರ ಸ್ಟುಡಿಯೋಕ್ಕೆ ಹೋದವನೇ ಗೋಡೆಯ ಮುಂದೆ ನಿಂತೆ. ಅಲ್ಲಿ ಪ್ರತಿ ದಸರೆಯ ಖಂಡೇನವಮಿಗೆ ಕ್ಯಾಮೆರಾಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ಆಮೇಲೆ ಕೆಲಸಗಾರರೆಲ್ಲ ಬಿಳಿ ಪರದೆಯ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ರೂಢಿ. ಚೌಕಟ್ಟು ಹಾಕಿದ ಒಂಬತ್ತು ವರ್ಷದ ಫೋಟೋಗಳು ಸಾಲಾಗಿ ತೂಗಿದ್ದವು. ನನಗೆ ಬೇಕಾದ ಪರೀಕ್ಷೆಯೇ ಗೋಡೆಯ ಮೇಲಿತ್ತು. ಭೂತಗನ್ನಡಿ ಇಸಿದುಕೊಂಡು ಒಂಬತ್ತು ಚಾಚಾಗಳನ್ನೂ ಅರ್ಧ ತಾಸು ನೋಡಿದೆ. ಅದೇ ಗದ್ದ, ಅದೇ ಹುಬ್ಬು, ಅದೇ ಮೂಗು. ಚಾಚಾ ನನ್ನ ಹಿಂದೆಯೇ ನಿಂತಿದ್ದರು.

"ಏನೂ ಇಲ್ರಿ ಚಾಚಾ. ಒಂಬತ್ತು ವರ್ಷದಾಗ ನಿಮ್ಮ ಮುಖ ಕೂದಲೆಳಿಯಷ್ಟೂ ಬದಲಾಗಿಲ್ಲ. ದಾರಾ ಹಳೇದಾಗಿ ಕುಗ್ಗೇದ ಅಂತ ಚಾಚಿಗೆ ಹೇಳ್ರಿ."

ಅವರು ಏನೋ ಹೇಳಲು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಅವರಿಗೆ ನಿಶ್ಚಿಂತೆಯಾಯಿತು ಅಂದುಕೊಂಡೆ. ನಾನೂ ನಿಶ್ಚಿಂತನಾದೆ. ಊರ ಮಂದಿಯ ಪ್ಲೇಟುಗಳನ್ನೆಲ್ಲ ಟರ್ಪೆಂಟೈನ್ ಹಾಕಿ ಒರೆಸಿಸಿದ ನನಗೆ, ಆ ಒಂಬತ್ತರ ಬಗ್ಗೆ ಸಂಶಯವೇ ಬರಲಿಲ್ಲ. ಅವರ ಬೆರಳು ನನ್ನ ಕಣ್ಣೆದುರಿಗಿತ್ತು, ಚಾಚಿಯ ದಾರ ಕಣ್ಣೆದುರಿಗಿತ್ತು. ನಾನು ಗೋಡೆಯನ್ನು ನಂಬಿದೆ.

ಐದು ತಿಂಗಳು ಹೋದವು.

ಈ ನಡುವೆ ಸ್ಟುಡಿಯೋದ ಮಾಲಕರು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದರು. "ಇವರಿಗೆ ಸೊಕ್ಕು ಬಂದದ್ರಿ ಡಾಕ್ಟರ್. ಬಾಜೂಕ ನಿಂತು ಗಿರಾಕಿ ಕೈ ಎತ್ತಿ ಸಲಾಮ್ ಮಾಡಿದ್ರ ಕತ್ತು ಹೊಳ್ಳಿಸೂದಿಲ್ಲ." ಚಾಚಾ ಸೊಕ್ಕಿನವರಲ್ಲ, ಕೆಲಸದಲ್ಲಿ ಮುಳುಗಿರುತ್ತಾರೆ ಎಂದು ನಾನೇ ಸಮಾಧಾನ ಹೇಳಿದೆ. ಮತ್ತೊಂದು ವಾರ ಅವರ ಮೊಳಕೈ ತಾಗಿ ಎಡಕ್ಕೆ ಇಟ್ಟಿದ್ದ ಪ್ಲೇಟು ಬಿದ್ದು ಒಡೆಯಿತು. ಇಪ್ಪತ್ತು ವರ್ಷದಲ್ಲಿ ಅವರ ಕೈಯಿಂದ ಪ್ಲೇಟು ಒಡೆದದ್ದು ಅದೇ ಮೊದಲು. ಅವರಿಗೂ ಏನೂ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಭೂತಗನ್ನಡಿಯ ದುಂಡಿನೊಳಗೆ ಎಲ್ಲವೂ ಹಾಗೆಯೇ ಸ್ಪಷ್ಟವಾಗಿತ್ತು. ಬದಿಗಳು ಅವರ ಕೆಲಸಕ್ಕೆ ಎಂದೂ ಬೇಕಾಗಿರಲಿಲ್ಲ.

ಒಂದು ಗುರುವಾರ ನಾನೇ ಚಹಾದ ಬಸಿ ತಂದು ಅವರ ಬಲಕ್ಕೆ ನಿಂತೆ. ಮಾತಾಡಲಿಲ್ಲ, ತಮಾಷೆಗೆ. ಬಸಿ ಅವರ ಕಿವಿಯ ಹತ್ತಿರದವರೆಗೆ ಚಾಚಿದೆ. ಅವರು ಪೆನ್ಸಿಲ್ ಆಡಿಸುತ್ತಲೇ ಇದ್ದರು. ಬಸಿ ಕೆಳಗಿಟ್ಟೆ.

ಎದುರಿಗೆ ಕೂಡಿಸಿಕೊಂಡೆ. ಒಂದು ಕಣ್ಣು ಮುಚ್ಚಿಕೊಳ್ಳಲು ಹೇಳಿ, ನನ್ನ ಮೂಗನ್ನೇ ನೋಡಿರಿ ಎಂದು, ಬದಿಯಲ್ಲಿ ಬೆರಳು ಅಲ್ಲಾಡಿಸಿದೆ.

"ಬೆರಳು ಕಂಡ್ರ ಹೇಳ್ರಿ."

"ಯಾವ ಬೆರಳ್ರಿ?"

ಇನ್ನೊಂದು ಕಣ್ಣಿಗೂ ಅದೇ ಉತ್ತರ. ನಾನು ಗೋಡೆಯ ಕಡೆ ಕೈ ಮಾಡಿ, "ಆದ್ರ ಆ ಫೋಟೋದಾಗ ನಿಮ್ಮ ಮುಖ..." ಎಂದೆ. ಚಾಚಾ ಎದ್ದು ಕಪಾಟಿಗೆ ಹೋದರು. ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡರು. ಒಂಬತ್ತು ಪ್ಲೇಟು, ಹತ್ತಿ, ಟರ್ಪೆಂಟೈನಿನ ಬಾಟ್ಲಿ ತಂದು ಮೇಜಿನ ಮೇಲೆ ಇಟ್ಟರು.

"ಆ ದಿನಾ ನೀವು ಗ್ವಾಡಿ ಮುಂದ ನಿಂತಾಗ ಹೇಳಬೇಕಂದೆ. ನಾಚಿಕಿ ಬಂತ್ರಿ. ಮಂದಿ ಮಾರಿ ತಿದ್ದವ ತನ್ನದೂ ತಿದ್ದಕೊಂಡಾನ ಅಂದ್ರ ನಗತಾರಲ್ರಿ. ನೀವು ಏನೂ ಇಲ್ಲ ಅಂದ್ರಿ. ಛಲೋ ಆತು, ಇನ್ಯಾಕ ಹೇಳೂದು ಅಂತ ಸುಮ್ಮಾದೆ."

ಒಂದೊಂದಾಗಿ ಒರೆಸಿದರು. ಮೊದಲಿನೆರಡರಲ್ಲಿ ಹತ್ತಿಗೆ ಹೆಚ್ಚೇನೂ ಬರಲಿಲ್ಲ. ನಾಲ್ಕನೆಯದರಲ್ಲಿ ಹುಬ್ಬು ಎದ್ದಿತು. ಆರನೆಯದರಲ್ಲಿ ಗದ್ದ ಮುಂದಕ್ಕೆ ಬಂತು. ಒಂಬತ್ತನೆಯದನ್ನು ಬೆಳಕಿಗೆ ಹಿಡಿದು ಅವರೇ ಬಹಳ ಹೊತ್ತು ನೋಡಿದರು.

"ಇದಕ್ಕ ಎರಡು ದಿನಾ ಹಿಡದಿತ್ರಿ. ನನ್ನ ಒಂದು ಮಾರಿಗೆ ಎರಡು ದಿನಾ. ಆವಾಗರೆ ನನಗ ತಿಳೀಬೇಕಿತ್ತು."

ನನ್ನ ಮನಸ್ಸಿನ ಒಂದು ಮಾತು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆ ಒಂಬತ್ತು ಪ್ಲೇಟುಗಳನ್ನು ಸಾಲಾಗಿ ಕಂಡಾಗ ಒಂದು ಕ್ಷಣ ನನಗೆ ಹಿಗ್ಗಾಯಿತು. ಒಬ್ಬನೇ ಮನುಷ್ಯನಲ್ಲಿ, ವರ್ಷಕ್ಕೊಂದರಂತೆ, ಒಂದೇ ಪರದೆಯ ಮುಂದೆ ರೋಗ ಬೆಳೆದ ಚಿತ್ರ. ಯಾವ ಪರದೇಶದ ಪುಸ್ತಕದಲ್ಲೂ ನಾನು ಅಂಥದ್ದನ್ನು ಕಂಡಿರಲಿಲ್ಲ. ಆಮೇಲೆ ಅವರ ಮುಖ ನೋಡಿದೆ, ಪ್ಲೇಟಿನದ್ದಲ್ಲ, ಎದುರಿಗಿದ್ದದ್ದು. ಹಿಗ್ಗು ಇಳಿದುಹೋಯಿತು.

ಮುಂಬೈಗೆ ಹೋಗಿ ಗಡ್ಡೆಗೆ ಕ್ಷಕಿರಣ ಬಿಡಿಸಿಕೊಳ್ಳಬೇಕು, ತಡಮಾಡಿದರೆ ಪೂರ್ತಿ ಕುರುಡಾಗುತ್ತದೆ ಎಂದು ಹೇಳಿದೆ. ಅವರು ಒಪ್ಪಲಿಲ್ಲ. "ನಡುವಿಂದು ಇನ್ನೂ ನಿಚ್ಚಳ ಐತ್ರಿ. ನನ್ನ ಹೊಟ್ಟಿ ಅದರ ಮ್ಯಾಲ ನಡೀತೈತಿ. ಬೆಂಕಿ ಬಿಡಾಕ ಹೋಗಿ ಅದೂ ಹ್ವಾದ್ರ ನೀವು ಜವಾಬ್ದಾರ್ರೇನು?" ನಾನು ಜವಾಬ್ದಾರ ಎನ್ನುವ ಧೈರ್ಯ ಬರಲಿಲ್ಲ. ಒಮ್ಮೆ ಏನೂ ಇಲ್ಲವೆಂದು ಹೇಳಿದ್ದ ಬಾಯಿ ನನ್ನದು.

ಬೇರೆ ಉಪಾಯ ತೋಚದೆ, ಅವರಿಗೇ ಒಂದು ಹಾಳೆ ಕೊಟ್ಟೆ. ನಡುವೆ ಒಂದು ಚುಕ್ಕೆ ಇಟ್ಟು, ಅದನ್ನೇ ನೋಡುತ್ತ, ಎಲ್ಲಿ ಮಬ್ಬಾಗಿದೆಯೋ ಅಲ್ಲಿ ಪೆನ್ಸಿಲ್ ಹಚ್ಚಿರಿ, ಪ್ರತಿ ಬುಧವಾರ ಒಂದು ಹಾಳೆ ಎಂದೆ. ಅವರು ಆ ಕೆಲಸವನ್ನು ತಮ್ಮದೇ ರೀತಿಯಲ್ಲಿ ಮಾಡಿದರು. ದೊಡ್ಡ ಆಸ್ಪತ್ರೆಗಳಲ್ಲಿ ಯಂತ್ರ ಇಟ್ಟು ಅಳೆಯುವುದನ್ನು ಚಾಚಾ ಬರೀ ಕೈಯಿಂದ, ತಿಳಿ ಬೂದಿ, ದಟ್ಟ ಬೂದಿ, ಕಪ್ಪು ಎಂದು ಅಂಚು ಕೂಡಿಸಿ ಬರೆದಿದ್ದರು. ತಮ್ಮ ಕಣ್ಣಿನ ವಿಷಯದಲ್ಲಿ ಅವರು ಒಂದು ಗೆರೆಯನ್ನೂ ಸುಳ್ಳು ಎಳೆಯಲಿಲ್ಲ. ಆರನೆಯ ವಾರ ಹಾಳೆಗಳನ್ನು ಒಂದರ ಪಕ್ಕ ಒಂದು ಅವರೇ ಜೋಡಿಸಿದರು. ಬೂದಿ ಬಣ್ಣ ಚುಕ್ಕೆಯ ಹತ್ತಿರಕ್ಕೆ ಬಂದಿತ್ತು. ಮುಂಬೈ ಪ್ರಯಾಣಕ್ಕೆ ಹಾಸಿಗೆ ಕಟ್ಟಲು ಚಾಚಿಗೆ ಹೇಳಿದರು.

ಪುಣೆಯಲ್ಲಿ ಗಾಡಿ ಬದಲಿಸಿ ನಾನೇ ಅವರನ್ನು ಮುಂಬೈಗೆ ಕರೆದೊಯ್ದೆ. ಎರಡು ತಿಂಗಳು ಅಲ್ಲಿದ್ದರು. ಗಡ್ಡೆ ಕುಗ್ಗಿತು, ಮಬ್ಬು ನಿಂತಲ್ಲೇ ನಿಂತಿತು. ಹೋದದ್ದು ಮಾತ್ರ ತಿರುಗಿ ಬರಲಿಲ್ಲ. ಅಲ್ಲಿಯ ಹಿರಿಯ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, ನಾಲ್ಕೈದು ತಿಂಗಳು ಮೊದಲು ಬಂದಿದ್ದರೆ ಹೆಚ್ಚಿನ ನೋಟ ಉಳಿಯುತ್ತಿತ್ತು ಎಂದರು. ನಾನು ಹೌದು ಎಂದೆ.

ಚಾಚಾ ಮತ್ತೆ ಕಿಟಕಿಗೆ ಬಂದು ಕೂತರು. ಎದುರಿಗೆ ಬಂದು ಸಲಾಮ್ ಮಾಡುವುದನ್ನು ಗಿರಾಕಿಗಳು ಕಲಿತುಕೊಂಡರು. ಮೊನ್ನೆ ಮೊನ್ನೆ ಹೃದಯ ಸೋಲುವವರೆಗೂ ಅವರು ಪೆನ್ಸಿಲ್ ಬಿಡಲಿಲ್ಲ. ಚಾಚಿ ದಾರಕ್ಕೆ ಹೊಸ ಗಂಟು ಹಾಕಿದರು.

ಮುಂಬೈಯಿಂದ ಬಂದ ಮೇಲೆ ನಾನು ಪ್ರಬಂಧ ಬರೆದು ಮುಗಿಸಿದೆ. ಅವರ ಒರೆಸಿದ ಒಂಬತ್ತು ಮುಖಗಳನ್ನು ಅದರಲ್ಲಿ ಹಾಕಲು ಒಪ್ಪಿಗೆ ಬೇಕಾಗಿತ್ತು. ಅವರು ಒಪ್ಪಿದರು, ಆದರೆ ಇಡೀ ಬರಹವನ್ನು ಕನ್ನಡದಲ್ಲಿ ಓದಿ ಹೇಳಬೇಕೆಂದರು. ಒಂದು ಗುರುವಾರ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು, ಇಂಗ್ಲಿಷಿನಲ್ಲಿ ಇದ್ದದ್ದನ್ನು ಸಾಲುಸಾಲಾಗಿ ಕನ್ನಡ ಮಾಡಿ ಹೇಳುತ್ತ ಹೋದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು. 'ರೋಗಿಯು ತನ್ನ ಛಾಯಾಚಿತ್ರಗಳ ತಿದ್ದುಪಡಿಯನ್ನು ಮುಚ್ಚಿಟ್ಟು, ತಡವಾಗಿ ವೈದ್ಯರ ಬಳಿಗೆ ಬಂದುದರಿಂದ ದೃಷ್ಟಿಯ ಬಹುಭಾಗ ನಷ್ಟವಾಗಿತ್ತು' ಎಂಬಲ್ಲಿಗೆ ಬಂದಾಗ ಕೈ ಎತ್ತಿದರು.

"ಸಾಹೇಬ್ರ, ಇಲ್ಲೆ ನೀವು ಪೆನ್ಸಿಲ್ ಹಚ್ಚೀರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಪ್ಲೇಟಿನಲ್ಲಿ ಕೆಲಸ ತುಸು ಒರಟಾಗಿದೆ ಎಂದು ಹೇಳುವ ದನಿ ಅದು.

"ಖರೇ ಬರದ್ರ ನನ್ನ ಹೆಸರು ಹೋಗ್ತದ್ರಿ ಚಾಚಾ. ಇದನ್ನ ಎಲ್ಲಾ ಡಾಕ್ಟರಂದಿ ಓದ್ತಾರ."

"ನನ್ನವು ಒಂಬತ್ತು ಮಾರಿ ತಗೊಂಡೀರಿ. ನಿಮ್ದು ಒಂದು ಕೊಡಾಕ ಏನಾತ್ರಿ?"

ಅವರ ಮೇಜಿನ ಮೇಲೆಯೇ ಹಾಳೆ ಇಟ್ಟು, ಆ ಸಾಲು ಹೊಡೆದು ಹಾಕಿ, ಬೇರೆ ಬರೆದೆ. ಬರೆಯಲು ಬಹಳ ಹೊತ್ತು ಹಿಡಿಯಿತು. ಅವರು ಕಾದರು. ಆಮೇಲೆ ಓದಿದೆ: 'ರೋಗ ಗೊತ್ತಾಗುವ ಐದು ತಿಂಗಳು ಮೊದಲೇ ಈ ರೋಗಿಯನ್ನು ನಾನು ನೋಡಿದ್ದೆ. ಅವರ ಹೆಂಡತಿ ನನಗೆ ಲಕ್ಷಣವನ್ನು ಸರಿಯಾಗಿ ಹೇಳಿದ್ದರು. ನಾನು ರೋಗಿಯನ್ನು ಬಿಟ್ಟು ಫೋಟೋ ನೋಡಿದೆ. ಅವರ ಬದಿಯ ನೋಟ ಹೋದದ್ದು ಆ ಐದು ತಿಂಗಳಲ್ಲಿ.'

ಚಾಚಾ ಕಣ್ಣು ತೆರೆದು, ಕತ್ತನ್ನು ಪೂರ್ತಿ ನನ್ನ ಕಡೆ ತಿರುಗಿಸಿ, ಅವರಿಗೆ ಉಳಿದಿದ್ದ ನಡುವಿನ ನೋಟದಲ್ಲಿ ನನ್ನನ್ನು ತಂದುಕೊಂಡು ನೋಡಿದರು.

"ಈಗ ನಿಮ್ಮ ಮಾರಿ ಬಂತ್ ನೋಡ್ರಿ" ಎಂದರು.